ಮುಟ್ಟದಿದ್ದಾಗಲೂ ಹೌದು ಅಂದವನು

"ಹೌದ್ರಿ."

ಮೃಣಾಲಿನಿ ಕೈ ಹಿಂದಕ್ಕೆ ತೆಗೆದಳು. ಅವಳು ಅವನನ್ನು ಮುಟ್ಟಿರಲೇ ಇಲ್ಲ.

ಕಲ್ಮೇಶ ಕಣ್ಣು ಮುಚ್ಚಿ ಕೂತಿದ್ದ. ಅವನ ಬಲಗೈ ಬಿಳಿಯ ಟವೆಲ್ಲಿನ ಮೇಲೆ ಅಂಗಾತವಾಗಿತ್ತು. ಅವಳ ಕೈಯಲ್ಲಿ ಒಂದು ಪುಟ್ಟ ಹಿಡಿಕೆ, ಅದರ ತುದಿಗೆ ನೈಲಾನಿನ ಒಂದು ಎಳೆ. ಎಳೆ ಬೆರಳಿಗೆ ತಾಗಿ ಬಾಗಿದಾಗ ಕೂತವರು ಹೌದು ಅನ್ನಬೇಕು. ತೆಳುವಾದ ಎಳೆಯಿಂದ ಶುರು, ತಿಳಿಯದಿದ್ದರೆ ಅದಕ್ಕಿಂತ ದಪ್ಪನೆಯದು. ನಡುನಡುವೆ ಮುಟ್ಟುವವಳ ಹಾಗೆ ಬಾಗಿ, ಮುಟ್ಟದೆ ಸುಮ್ಮನಿರಬೇಕು. ಖಾಲಿ ಸರದಿ ಅಂತ ಅದಕ್ಕೆ ಅವಳಿಟ್ಟ ಹೆಸರು. ಊಹೆಯ ಮೇಲೆ ಉತ್ತರ ಹೇಳುವವರು ಅಲ್ಲಿ ಸಿಕ್ಕಿಬೀಳುತ್ತಾರೆ.

"ಖರೇನ ತಿಳೀತೇನ್ರಿ?"

"ತಿಳೀತ್ರಿ."

"ಎಲ್ಲೆ?"

"ತೋರಬೆರಳ ತುದಿಗಿ. ಇರಿವಿ ಕುಂತಂಗ ಆತು."

"ಕಣ್ಣ ತೆಗೀರಿ. ನಾ ಮುಟ್ಟೇ ಇದ್ದಿಲ್ಲ."

ಅವನು ಕಣ್ಣು ತೆರೆದ. ಅವಳ ಕೈಯನ್ನು ನೋಡಿದ, ಆಮೇಲೆ ಅವಳನ್ನು. ನಾಚಿಕೆಯ ಸುಳಿವೂ ಇರಲಿಲ್ಲ.

"ಹಂಗಾರ ಇರಿವಿನ ಇದ್ದೀತು ಬಿಡ್ರಿ," ಅಂದ.

ಮುದ್ದೇಬಿಹಾಳದ ಆಚೆ, ಕಲ್ಲು ಕ್ವಾರಿಯ ಗೇಟಿನ ಪಕ್ಕದಲ್ಲಿ ಲಾರಿ ತೂಗುವ ಕೋಣೆ. ಕಂಪ್ಯೂಟರಿಗಾಗಿ ಅಲ್ಲೊಂದು ಎಸಿ ಹಾಕಿಸಿದ್ದರು. ಪರೀಕ್ಷೆಗೆ ಕೂತವರ ಕೈ ತೀರ ಬಿಸಿಯಾಗಬಾರದು, ತೀರ ತಣ್ಣಗಾಗಬಾರದು, ಸುತ್ತ ಸದ್ದಿರಬಾರದು. ಇಡೀ ತಾಲೂಕಿನಲ್ಲಿ ಇದಕ್ಕೆ ಒಗ್ಗುವ ಜಾಗ ಅವಳಿಗೆ ಸಿಕ್ಕಿದ್ದು ಅದೊಂದೇ. ವಾರದ ರಜೆಯ ಮರುದಿನ ಬೆಳಿಗ್ಗೆ, ಯಾರೂ ಡ್ರಿಲ್ ಮುಟ್ಟುವ ಮೊದಲು ಅವಳು ವಿಜಯಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಕಲ್ಲು ಕೊರೆಯುವ ಯಂತ್ರದ ನಡುಕ ಕೈಯ ನರಗಳಿಗೆ ಏನು ಮಾಡುತ್ತದೆ ಎಂಬುದು ಅವಳ ಪಿಎಚ್‌ಡಿ. ಶರೀರಕ್ರಿಯಾ ವಿಜ್ಞಾನ. ಇಂಡಿಯಲ್ಲಿರುವ ಅವಳ ತಾಯಿ ಜಾನಕಿಬಾಯಿ ಓಣಿಯವರಿಗೆ, "ನಮ್ಮಾಕಿ ಕೈ ನೋಡ್ತಾಳ" ಅಂತ ಹೇಳಿಬಿಟ್ಟಿದ್ದರು. ಹಾಗಾಗಿ ಊರಿಗೆ ಹೋದಾಗಲೆಲ್ಲ ಯಾರಾದರೂ ಅಂಗೈ ಚಾಚಿ ಮಗಳ ಮದುವೆ ಯಾವಾಗ ಅಂತ ಕೇಳುತ್ತಿದ್ದರು.

ಕಲ್ಮೇಶ ಕ್ವಾರಿಯ ಡ್ರಿಲ್ ಮೇಸ್ತ್ರಿ. ಮಸೂತಿ ಎಂಬ ಊರಿನವನು. ಬಿಎಸ್ಸಿ ಎರಡನೇ ವರ್ಷಕ್ಕೆ ಬಿಟ್ಟವನು. ಹುಡುಗರನ್ನು ಹಿಡಿದು ತಂದು ಅವಳ ಮುಂದೆ ಕೂರಿಸಿದ್ದೇ ಅವನು. ಇಲ್ಲದಿದ್ದರೆ ಬಿಳಿ ಕೋಟು ಕಂಡು ಒಬ್ಬನೂ ಬರುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಕೊನೆಗೆ ತಾನು ಕೂತಿದ್ದ. ಕೂತು, ಅವಳ ಖಾಲಿ ಸರದಿಗಳಿಗೆಲ್ಲ ಹೌದು ಅಂದಿದ್ದ.

"ಇದು ಲೆಕ್ಕಕ್ಕ ಹಿಡಿಯೂದಿಲ್ಲ," ಅಂದಳು ಮೃಣಾಲಿನಿ. "ಮುಂದಿನ ವಾರ ಮತ್ತ ಕೂಡಬೇಕಾಗ್ತದ."

"ಕುಂಡ್ರತೇನ್ರಿ," ಅಂದ ಕಲ್ಮೇಶ, ಏನೋ ಬಹುಮಾನ ಬಂದವನ ಹಾಗೆ.

ಅವನು ಗೇಲಿ ಮಾಡುತ್ತಿದ್ದಾನೆ ಅಂದುಕೊಂಡಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳಿಗೆ ಈಚೆಗೆ ಏನೂ ಬರುತ್ತಿರಲಿಲ್ಲ.

*

ಅದು ಯಾವಾಗ ಶುರುವಾಯಿತೋ ಅವಳಿಗೆ ತಿಳಿಯದು. ಅವಳ ತಂದೆ ವಾಸುದೇವ ಮಾಸ್ತರು ತೀರಿಕೊಂಡ ವರ್ಷ, ಕ್ರಿಯೆಗಳು ಮುಗಿದ ಮೇಲೆ ಅವಳು ಪ್ರಯೋಗಾಲಯಕ್ಕೆ ಬಂದು ಎಳೆ ಹಿಡಿದಿದ್ದಳು. ಅವಳ ಗೈಡ್ ಡಾಕ್ಟರ್ ಜಯಮಾಲಾ ಪಕ್ಕದಲ್ಲಿ ನಿಂತು ನೋಡಿ, "ನಿನ್ನ ಕೈ ಎಷ್ಟು ಸ್ಥಿರ ಅದ, ಮೃಣಾಲ್!" ಅಂದಿದ್ದರು. ಮೆಚ್ಚುಗೆಯ ಮಾತು. ಅವಳು ತನ್ನ ಕೈಯನ್ನು ನೋಡಿಕೊಂಡಿದ್ದಳು. ಮೇಜಿನ ಮೇಲೆ ಬೇರೆ ಯಾರೋ ಮರೆತು ಹೋದ ಕೈಯಿದ್ದಂತಿತ್ತು.

ಆಮೇಲೆ ಗೆಳತಿಯರ ಮದುವೆಗಳಾದವು. ಅವಳನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದರು. ಒಬ್ಬನಂತೂ ಥೀಸಿಸ್ ಮುಗಿಯುವವರೆಗೆ ಕಾಯುತ್ತೇನೆಂದು ಹೇಳಿ, ಕಾಯಲಿಲ್ಲ. ಅವಳು ಸಿಂದಗಿಯ ಕಾಲೇಜೊಂದರ ಗುಮಾಸ್ತರ ಬೆರಳುಗಳನ್ನು ಪರೀಕ್ಷಿಸಿದಳು. ಅವರು ಯಂತ್ರ ಮುಟ್ಟದವರು, ಹೋಲಿಕೆಗೆ ಬೇಕಾದವರು. ಇಡೀ ಬೇಸಿಗೆ ಅಪರಿಚಿತರ ಬೆರಳ ತುದಿಗಳಲ್ಲಿ ಕಳೆಯಿತು. ಯಾರಿಗೆ ಎಷ್ಟು ತಿಳಿಯುತ್ತದೆ ಅಂತ ಕೇಳುವುದೇ ಕೆಲಸ. ಅವಳಿಗೆ ಎಷ್ಟು ತಿಳಿಯುತ್ತದೆ ಅಂತ ಕೇಳುವವರಿರಲಿಲ್ಲ.

ಮುಂದಿನ ವಾರ ಕಲ್ಮೇಶ ಜಳಕ ಮಾಡಿ, ತಲೆ ಬಾಚಿ, ಕಂದು ಟೀ ಶರ್ಟ್ ಹಾಕಿಕೊಂಡು ಬಂದ. ಬಾಗಿಲಲ್ಲಿ ಡ್ರಿಲ್ಲುಗಳಿಗೆ ಗಾಳಿ ಒದಗಿಸುವ ಕಂಪ್ರೆಸರ್ ಟ್ರ್ಯಾಕ್ಟರಿನ ಡ್ರೈವರ್ ಅಬ್ದುಲರಜಾಕ ನಿಂತಿದ್ದ. ಕ್ವಾರಿಯಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರ ಕಾಕಾ.

"ಬಾಯಾರ, ಒಂದ ಮಾತ ಹೇಳ್ತೇನಿ ಕೇಳ್ರಿ. ನಮ್ಮ ಮೇಸ್ತ್ರಿ ಸಾಲ್ಯಾಗ ಒಮ್ಮಿನೂ ಫೇಲ್ ಆದಾಂವಲ್ಲ. ಈಗ ನೋಡ್ರಿ, ಫೇಲ್ ಆಗಾಕ ಸೆಂಟ್ ಹಚ್ಚಿಕೊಂಡ ಬಂದಾನ."

"ಕಾಕಾ, ಸುಮ್ಕಿರ್ರಿ," ಅಂದ ಕಲ್ಮೇಶ.

"ನಾ ಯಾಕ ಸುಮ್ಮನಿರ್ಲಿ? ನಂದು ಒಂದ ಸಲಕ್ಕ ಮುಗೀತು. ನನ್ನ ಮಾರಿಗಿ ಯಾರೂ ಮತ್ತ ಬಾ ಅನ್ನಲಿಲ್ಲ."

"ನಿಮ್ಮ ಉತ್ತರ ಸರಿ ಇದ್ದವು, ಕಾಕಾ," ಅಂದಳು ಮೃಣಾಲಿನಿ.

"ಅದ ತಪ್ಪಾತು ನೋಡ್ರಿ!"

ಬಾಗಿಲು ಮುಚ್ಚಿದಳು. ಎಸಿಯ ಗುಂಯ್ ಎಂಬ ಸದ್ದು. ಕಲ್ಮೇಶ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನ ಮನುಷ್ಯನನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಅವಳ ವೃತ್ತಿಯಲ್ಲಿ ಅದಕ್ಕೆ ಅನುಮತಿಯಿದೆ. ಹುಬ್ಬಿನ ಮೇಲೆ ಕಲ್ಲು ಸಿಡಿದ ಒಂದು ಸಣ್ಣ ಕಲೆ. ರೆಪ್ಪೆಗೂದಲಲ್ಲಿ, ಜಳಕ ಮಾಡಿದರೂ ಹೋಗದ ಕಲ್ಲಿನ ಧೂಳು. ಅವಳು ಬಾಗಿದಾಗ ಅವನ ತುಟಿಯ ಮೂಲೆ ಒಂದು ಕೂದಲೆಳೆಯಷ್ಟು ಮೇಲೆ ಹೋಗುತ್ತಿತ್ತು.

"ಹೌದ್ರಿ."

ಖಾಲಿ ಸರದಿ.

"ನೀವು ನನ್ನ ಚಾಷ್ಟಿ ಮಾಡ್ಲಿಕ್ಕತ್ತೀರೇನು?"

"ಇಲ್ರಿ, ಮೇಡಮ್ಮಾರ."

"ಮತ್ತ?"

"ನೀವು ಮುಟ್ಟಿದ್ರಿ ಅಂತ ಅನಸ್ತು. ಅನಸೂದು ತಪ್ಪೇನ್ರಿ?"

ತಪ್ಪು. ಈ ಪರೀಕ್ಷೆಯಲ್ಲಿ ಅದೇ ತಪ್ಪು. ಹೇಳುವ ಬದಲು ಅವಳು ಮುಂದಿನ ಎಳೆ ಕೈಗೆತ್ತಿಕೊಂಡಳು.

ಅದರ ಮುಂದಿನ ವಾರ ಅವನು ಕೊಲ್ಹಾರದಿಂದ ಮೊಸರಿನ ಗಡಿಗೆ ತಂದ. ಹೊರಗೆ, ಲಾರಿ ನಿಲ್ಲುವ ತೂಕದ ಹಲಗೆಯ ಮೇಲೆ ನಿಂತು ಗಡಿಗೆಯನ್ನು ಬೋರಲು ಹಿಡಿದ. ಒಂದು ಹನಿಯೂ ಬೀಳಲಿಲ್ಲ.

"ಕೊಲ್ಹಾರದ ಮೊಸರ ಅಂದ್ರ ಹಿಂಗ ಇರಬೇಕು. ನಿಮ್ಮ ಇಂಡ್ಯಾಗ ಏನೈತ್ರಿ, ಬರೇ ಲಿಂಬಿಕಾಯಿ."

"ಲಿಂಬಿಕಾಯಿಗೆ ಏನಾಗ್ಯದ?"

"ಏನಾಗಿಲ್ರಿ. ಆದರ ಮೊಸರಿಗಿ ಹಿಂಡಬ್ಯಾಡ್ರಿ, ಒಡೀತೈತಿ."

ಅವಳು ನಕ್ಕಳು. ಆ ಸದ್ದು ತನ್ನದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಕ್ಯಾಂಟೀನಿನಿಂದ ಸ್ಟೀಲ್ ಲೋಟಗಳಲ್ಲಿ ಚಹಾ ಬಂತು. ಅವಳು ಮುಟ್ಟಿ ಚಟ್ಟನೆ ಕೈ ಹಿಂದಕ್ಕೆಳೆದು, ಸೆರಗಿನಿಂದ ಹಿಡಿದಳು. ಕಲ್ಮೇಶ ಬರಿಗೈಯಲ್ಲಿ ಲೋಟ ಹಿಡಿದು, ಮಾತಾಡುತ್ತ ಹಾಗೇ ನಿಂತಿದ್ದ. ಕಲ್ಲಿನ ಕೆಲಸದ ಕೈ, ಗಟ್ಟಿಯಾಗಿದೆ ಅಂದುಕೊಂಡಳು. ಐದು ವರ್ಷ ಇದನ್ನೇ ಓದಿದವಳು ಅಷ್ಟೇ ಅಂದುಕೊಂಡಳು. ಆ ಹೊತ್ತಿಗೆ ಅವಳು ಅವನ ಕೈ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು.

ಆ ಸಂಜೆ ಜಯಮಾಲಾ ಫೋನಿನಲ್ಲಿ ಬೈದರು. "ಒಬ್ಬನ್ನ ಎಷ್ಟು ಸಲ ಕೂಡಸ್ತೀ? ಅವನ ಹೌದು ನಂಬೂ ಹಂಗಿಲ್ಲ. ಇನ್ನೊಮ್ಮೆ ನೋಡು, ಆಗಲಿಲ್ಲಂದ್ರ ಬಿಡು. ಈ ತಿಂಗಳ ಕೊನೀಗೆ ನಿನ್ನ ಅವಧಿ ಮುಗೀತದ, ಗೊತ್ತದ ಇಲ್ಲೋ?"

"ಗೊತ್ತದ, ಮೇಡಂ."

ಹಾಸ್ಟೆಲ್ಲಿನ ಕನ್ನಡಿಯ ಮುಂದೆ ಅವಳು ಎರಡು ಸೀರೆಗಳನ್ನು ಹಿಡಿದು ನಿಂತಳು. ಯಾವುದು ಅಂತ ಯೋಚಿಸುತ್ತಿದ್ದೇನೆ ಎಂದು ಹೊಳೆದಾಗ ಎರಡನ್ನೂ ಮಂಚದ ಮೇಲೆ ಹಾಕಿ ಕೂತಳು. ಇನ್ನೊಮ್ಮೆ ನೋಡು. ಆಗದಿದ್ದರೆ ಬಿಡು. ಬಿಟ್ಟರೆ ಮುದ್ದೇಬಿಹಾಳಕ್ಕೆ ಹೋಗಲು ಅವಳಿಗೆ ಬೇರೆ ಕಾರಣವಿರಲಿಲ್ಲ.

*

ಆ ದಿನ ಕ್ವಾರಿಯಲ್ಲಿ ಬೇಗ ಕೆಲಸ ಶುರುವಾಗಿತ್ತು. ಕೋಣೆಯ ಗೋಡೆಯ ಪಕ್ಕದಲ್ಲೇ ಕಂಪ್ರೆಸರ್ ಹೊಡೆದುಕೊಳ್ಳುತ್ತಿತ್ತು. ಕಿಟಕಿಯ ಗಾಜು ನಡುಗುತ್ತಿತ್ತು.

"ಈ ಗದ್ದಲದಾಗ ಆಗೂದಿಲ್ಲ," ಅಂದಳು.

ಗೋಡೆಯ ಮೊಳೆಗೆ ಕಿವಿ ಮುಚ್ಚುವ ಹಳದಿ ಇಯರ್‌ಮಫ್ ನೇತುಹಾಕಿತ್ತು. ಡ್ರಿಲ್ ಹಿಡಿಯುವವರಿಗೆಂದು ತಂದದ್ದು. ಯಾರೂ ಹಾಕುತ್ತಿರಲಿಲ್ಲ, ಪ್ಲಾಸ್ಟಿಕ್ಕಿನ ಚೀಲ ಸಹ ತೆಗೆದಿರಲಿಲ್ಲ. ಮೃಣಾಲಿನಿ ಅದನ್ನು ತಂದು ಅವನ ಕಿವಿಗೆ ಹಾಕಿದಳು. ಹಾಕುವಾಗ ಅವಳ ಬೆರಳು ಅವನ ಕೆನ್ನೆಗೆ ತಗಲಿತು. ಅವನು ಬೆಚ್ಚಿದ.

"ಇದ ಬ್ಯಾಡ್ರಿ," ಅಂದ. ಅವನ ಮುಖದಲ್ಲಿ ಅವಳು ಅಂಜಿಕೆ ನೋಡಿದ್ದು ಅದೇ ಮೊದಲು.

"ಯಾಕ?"

ಅವನಿಗೆ ಕೇಳಿಸಲಿಲ್ಲ. ಅವಳು ಕಣ್ಣು ಮುಚ್ಚಲು ಸನ್ನೆ ಮಾಡಿದಳು. ಮುಚ್ಚಿದ.

ತೆಳುವಾದ ಎಳೆ. ಉತ್ತರವಿಲ್ಲ. ಅದಕ್ಕಿಂತ ದಪ್ಪನೆಯದು. ಉತ್ತರವಿಲ್ಲ. ಖಾಲಿ ಸರದಿ. ಅದಕ್ಕೂ ಇಲ್ಲ. ಮೊದಲ ಸಲ ಅವನು ಸಿಕ್ಕಿಬೀಳಲಿಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಇನ್ನೂ ದಪ್ಪ ಎಳೆ. ಅದು ತೋರುಬೆರಳಿನ ತುದಿಯಲ್ಲಿ ಬಿಲ್ಲಿನಂತೆ ಬಾಗಿತು. ಕಲ್ಮೇಶ ಸುಮ್ಮನಿದ್ದ. ನಿದ್ದೆ ಹತ್ತಿತೇನೋ ಅಂದುಕೊಂಡಳು. ಆದರೆ ಅವನ ಹುಬ್ಬು ಗಂಟಿಕ್ಕಿತ್ತು.

ಪೆಟ್ಟಿಗೆಯ ಕೊನೆಯ ಎಳೆ ಎಷ್ಟು ದಪ್ಪವೆಂದರೆ ಅದನ್ನು ಅವಳು ಯಾರ ಮೇಲೂ ಬಳಸಿರಲಿಲ್ಲ. ಅದನ್ನು ಒತ್ತಿದಳು. ಚರ್ಮ ತಗ್ಗಾಯಿತು. ನಡುಬೆರಳಿಗೆ ಒತ್ತಿದಳು. ಕಿರುಬೆರಳಿಗೆ. ಎಡಗೈಗೆ.

ಅವನು ಕಣ್ಣು ಮುಚ್ಚಿಕೊಂಡು, ಏನೋ ಕೇಳಿಸೀತೆಂದು ಕಾಯುವವನ ಹಾಗೆ ಕತ್ತು ಸ್ವಲ್ಪ ಮುಂದೆ ಮಾಡಿ ಕೂತಿದ್ದ.

ಅವಳು ಇಯರ್‌ಮಫ್ ತೆಗೆದಳು.

"ಯಾವಾಗಿಂದ?"

ಕಲ್ಮೇಶ ಕಣ್ಣು ತೆರೆಯಲಿಲ್ಲ. "ಹೋದ ಚಳಿಗಾಲದಿಂದ್ರಿ. ಮೊದಲ ಬೆಳ್ಳಗಾಗ್ತಿದ್ದವು. ಆಮ್ಯಾಲ ಜುಮುಜುಮು ಅಂತಿದ್ದವು. ಈಗ ಏನೂ ಇಲ್ಲ. ಅಂಗಿ ಗುಂಡಿ ಹಾಕಾಕ ಆಗಂಗಿಲ್ಲ. ಅದಕ್ಕ ಟೀ ಶರ್ಟ್."

"ಮತ್ತ ನನಗ ಹೌದು ಹೌದು ಅಂದ್ರಿ!"

"ಕಾಕಾಗ ಬಿಟ್ರ ಯಾರಿಗೂ ಗೊತ್ತಿಲ್ಲ. ಮೇಸ್ತ್ರಿ ಕೈನ ಸತ್ತಾವು ಅಂತ ಗೊತ್ತಾದ್ರ ಹುಡುಗರು ಅಂಜತಿದ್ರು. ಮಾಲಕ ನಿಮ್ಮನ್ನ ಗೇಟಿನೊಳಗ ಬಿಡ್ತಿದ್ದಿಲ್ಲ. ನಿಮ್ಮ ಕೆಲಸ ನಿಂತ ಹೋಗ್ತಿತ್ತು."

"ಅದಕ್ಕ ನನ್ನ ಮುಂದ ಕೂತು ಸುಳ್ಳ ಹೇಳಿದ್ರಿ?"

"ಮೊದಲನೇ ವಾರ ಅದಕ್ಕ," ಅಂದ. ಈಗ ಕಣ್ಣು ತೆರೆದ. "ಆಮ್ಯಾಲಿನ ವಾರ ಅದಕ್ಕಲ್ಲ."

ಕಂಪ್ರೆಸರ್ ಹೊಡೆದುಕೊಳ್ಳುತ್ತಲೇ ಇತ್ತು. ಅವಳ ತಲೆಯಲ್ಲಿ ಬರೀ ಒಂದು ಪ್ರಶ್ನೆಯಿತ್ತು. ಅದು ವಿಜ್ಞಾನದ ಪ್ರಶ್ನೆ, ಹಾಗಾಗಿ ಕೇಳುವುದು ಸುಲಭ.

"ಕಣ್ಣ ಮುಚ್ಚಿದ್ರಿ. ಬೆರಳಿಗೆ ಏನೂ ತಿಳಿಯೂದಿಲ್ಲ. ಮತ್ತ ನಾ ಮುಟ್ಟೂ ಹೊತ್ತು ನಿಮಗ ಹ್ಯಾಂಗ ಗೊತ್ತಾಗ್ತಿತ್ತು?"

"ನೀವು ಬಗ್ಗುವಾಗ ಉಸರ ಹಿಡೀತೀರಿ."

"ಏನು?"

"ನಿಮಗ ಗೊತ್ತಿಲ್ಲೇನ್ರಿ? ಮುಟ್ಟುವಾಗೂ ಹಿಡೀತೀರಿ, ಮುಟ್ಟದಾಗೂ ಹಿಡೀತೀರಿ. ಯಾವುದು ಖಾಲಿ, ಯಾವುದು ಖರೆ, ನನಗೇನ ತಿಳೀಬೇಕು? ಉಸರಿನ ಸಪ್ಪಳ ನಿಂತ್ರ ನೀವು ಹತ್ರ ಬಂದ್ರಿ ಅಂತ ತಿಳಿಯೂದು. ಹೌದು ಅಂತಿದ್ದೆ."

ಅವಳು ಎಳೆಗಳನ್ನು ಪೆಟ್ಟಿಗೆಗೆ ಹಾಕತೊಡಗಿದಳು. ಒಂದು ಎಳೆ ತನ್ನ ಸೀಳಿನೊಳಗೆ ಕೂಡಲಿಲ್ಲ. ಮತ್ತೆ ಹಾಕಿದಳು, ಮತ್ತೆ ತಪ್ಪಿತು.

"ಡ್ರಿಲ್ ಬಿಡ್ರಿ," ಅಂದಳು. ದನಿ ತೀರ ಜೋರಾಗಿ ಬಂತು. "ಈಗ ಬಿಟ್ಟರ ಬೆರಳಿನ ಸ್ಪರ್ಶ ತಿರುಗಿ ಬಂದೀತು. ಬರದೇನೂ ಇರಬಹುದು. ಆದರ ಹಿಡಕೊಂಡರ ಖಂಡಿತ ಬರೂದಿಲ್ಲ. ನರದ ಡಾಕ್ಟರಿಗೆ ತೋರಸಬೇಕು."

"ಬಿಟ್ಟು ಏನ ಮಾಡ್ಲಿ?"

"ಏನರೆ ಮಾಡ್ರಿ!"

"ಹೇಳಾಕ ಬಲು ಹಗರ ಐತ್ರಿ, ಮೇಡಮ್ಮಾರ." ಅವನು ಎದ್ದ. ದನಿಯಲ್ಲಿ ತಮಾಷೆ ಇರಲಿಲ್ಲ. "ನೀವು ಹಾಳಿ ಬರದು ಹೋಗ್ತೀರಿ. ನಿಮಗ ನಾ ಯಾರು? ಒಂದ ನಂಬರ. ನಂಬರಿಗಿ ಇಷ್ಟ್ಯಾಕ ಒದರ್ತೀರಿ?"

ಬಾಗಿಲು ತೆರೆದು ಧೂಳಿನೊಳಗೆ ಹೋದ. ಅವನು ಹೇಳಿದ್ದು ನಿಜ. ಅವಳ ಹಾಳೆಗಳಲ್ಲಿ ಅವನಿಗೆ ಹೆಸರಿರಲಿಲ್ಲ.

*

ಜಯಮಾಲಾ ಮಾತ್ರ ಫೋನಿನಲ್ಲಿ ಕೇಳಿ ಹಿಗ್ಗಿಹೋದರು.

"ಕೊನೀ ಎಳಿನೂ ತಿಳೀಲಿಲ್ಲ? ಎರಡೂ ಕೈಗೆ? ಮೃಣಾಲ್, ನಿನ್ನ ಇಡೀ ಥೀಸಿಸ್ ಆ ಒಬ್ಬನ ಮ್ಯಾಲೆ ನಿಲ್ತದ! ಇಷ್ಟು ಚೊಕ್ಕ ರೀಡಿಂಗ್ ನಾ ನೋಡಿಲ್ಲ. ಇವತ್ತ ಬರೀಲಿಕ್ಕೆ ಶುರು ಮಾಡು."

ಚೊಕ್ಕ ರೀಡಿಂಗ್. ಗುಂಡಿ ಹಾಕಲಾಗದ ಎರಡು ಕೈ.

ಮೃಣಾಲಿನಿ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಎದುರಿನ ಹುಣಸೆ ಮರದಲ್ಲಿ ಗಿಳಿಗಳು ಜಗಳಾಡುತ್ತಿದ್ದವು. ಎದೆಯ ಕೆಳಗೆ ಏನೋ ನೋಯುತ್ತಿತ್ತು. ಎಷ್ಟೋ ಕಾಲ ಒಂದೇ ಭಂಗಿಯಲ್ಲಿ ಮಡಚಿಟ್ಟ ಕಾಲಿಗೆ ರಕ್ತ ತಿರುಗಿ ಬರುವಾಗ ಆಗುವಂಥ ನೋವು. ಅದು ಹಿತವಾಗಿರುವುದಿಲ್ಲ.

"ಮೇಡಂ, ಅವರನ್ನ ಲೆಕ್ಕದಿಂದ ತೆಗೀತೇನಿ."

"ತಲಿ ಕೆಟ್ಟದೇನು? ಒಬ್ಬರು ಕಡಿಮಿ ಬೀಳ್ತಾರ. ಬೇರೆ ಕ್ವಾರಿ ಹುಡುಕಬೇಕು, ಅವಧಿ ಮುಂದ ಹಾಕ್ಲಿಕ್ಕೆ ಅರ್ಜಿ ಕೊಡಬೇಕು, ಆರು ತಿಂಗಳು ಹೋಗ್ತದ. ಕಾರಣ ಏನಂತ ಬರೀತೀ?"

"ಸಂಶೋಧಕರ ಸಂಬಂಧಿಕರನ್ನ ಪರೀಕ್ಷೆಗೆ ತಗೋಬಾರದು ಅಂತ ನಿಯಮ ಅದಲ್ರಿ?"

"ಅಂವ ನಿನಗ ಸಂಬಂಧಿಕನೇನು?"

"ಇನ್ನೂ ಆಗಿಲ್ಲ, ಮೇಡಂ."

"ಅಯ್ಯ, ಮೃಣಾಲಿನಿ!" ಅಂದರು ಜಯಮಾಲಾ. ಆಮೇಲೆ ಬೇರೆಯದೇ ದನಿಯಲ್ಲಿ, "ಅರ್ಜಿ ಬರಕೊಂಡ ಬಾ. ಸಹಿ ಮಾಡ್ತೇನಿ," ಅಂದು ಫೋನ್ ಇಟ್ಟರು.

ಆ ರವಿವಾರ ಅವಳು ಇಂಡಿಗೆ ಹೋಗಿ ತಾಯಿಗೂ ಹೇಳಿದಳು. ಹೇಳಿ, ಬೈಸಿಕೊಂಡು, ಮರುದಿನ ನಸುಕಿನಲ್ಲೇ ಬಸ್ಸು ಹತ್ತಿದಳು.

*

ಕಲ್ಮೇಶ ಬಂಡೆಯ ಮೇಲೆ ಡ್ರಿಲ್ ಹಿಡಿದು ನಿಂತಿದ್ದ. ಇಡೀ ಮೈ ನಡುಗುತ್ತಿತ್ತು. ಅವಳು ಬಿಳಿ ಕೋಟಿಲ್ಲದೆ, ಪೆಟ್ಟಿಗೆಯಿಲ್ಲದೆ, ಧೂಳಿನೊಳಗೆ ನೇರ ನಡೆದು ಹೋದಳು. ಹುಡುಗರು ಕೆಲಸ ಬಿಟ್ಟು ನೋಡಿದರು. ಅಬ್ದುಲರಜಾಕ ಟ್ರ್ಯಾಕ್ಟರ್ ಮೇಲಿಂದ ಬಗ್ಗಿ ಕಂಪ್ರೆಸರ್ ಬಂದ್ ಮಾಡಿದ. ಡ್ರಿಲ್ ತಾನಾಗಿಯೇ ಸತ್ತಿತು. ಕ್ವಾರಿ ಒಮ್ಮೆಲೇ ನಿಶ್ಶಬ್ದವಾಯಿತು.

"ನಿಮ್ಮನ್ನ ನನ್ನ ಸಂಶೋಧನೆಯಿಂದ ತೆಗೆದ ಹಾಕೇನಿ," ಅಂದಳು.

ಕಲ್ಮೇಶ ಮುಖದ ಧೂಳು ಒರೆಸಿಕೊಂಡ. "ಛಲೋ ಆತು ಬಿಡ್ರಿ. ಇದನ್ನ ಹೇಳಾಕ ಇಲ್ಲಿತನಕ ಧೂಳ ಕುಡಕೊಂತ ಬರಬೇಕೇನು? ಫೋನ್ ಮಾಡಿದ್ರ ಆಗ್ತಿತ್ತು."

"ಯಾಕ ತೆಗೆದೆ ಅಂತ ಕೇಳೂದಿಲ್ಲೇನು?"

"ಸುಳ್ಳ ಹೇಳಿದ್ನೆಲ್ಲ. ಅದಕ್ಕ."

"ಅಲ್ಲ. ಸಂಬಂಧಿಕರನ್ನ ತಗೋಬಾರದು ಅಂತ ನಿಯಮ ಅದ."

ಅವನು ಅವಳನ್ನೇ ನೋಡಿದ. ಹಣೆ ಗಂಟಿಕ್ಕಿತು. "ನಿಮ್ಮ ಸಂಬಂಧಿಕರು ಯಾರದಾರ ಇಲ್ಲೆ?"

"ಯಾ ಅಲ್ಲಾ!" ಟ್ರ್ಯಾಕ್ಟರ್ ಮೇಲಿಂದ ಅಬ್ದುಲರಜಾಕ ಹಣೆ ಚಚ್ಚಿಕೊಂಡ. "ಲೇ ಕಲ್ಮೇಶ್ಯಾ, ಕೈ ಅಷ್ಟ ಸತ್ತಾವ ಅಂತ ತಿಳಕೊಂಡಿದ್ದೆ. ತಲಿನೂ ಸತ್ತೈತೇನಲೇ?"

ಹುಡುಗರು ಹೋ ಎಂದು ನಕ್ಕರು. ಕಲ್ಮೇಶನ ಮುಖ ನಿಧಾನವಾಗಿ, ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಯಿತು. ಖಾಲಿ ಸರದಿಗಳಲ್ಲಿ ಒಮ್ಮೆಯೂ ನಾಚದವನು ಈಗ ಎಲ್ಲಿ ನೋಡಬೇಕೆಂದು ತಿಳಿಯದೆ ಡ್ರಿಲ್ ಕಡೆ ನೋಡಿದ.

"ನಿಮ್ಮ ಮನ್ಯಾಗ ಒಪ್ಪಂಗಿಲ್ರಿ," ಅಂದ, ಬಹಳ ಮೆಲ್ಲಗೆ.

"ಅವ್ವಗ ಹೇಳೇನಿ. ತನ್ನ ತವರಮನಿ ಮರಾಠಿಯೊಳಗ ಬೈದ್ಲು."

"ಹಂಗಂದ್ರ?"

"ಪೂರಾ ಸಿಟ್ಟಿದ್ದರ ಆಕಿ ಮಾತ ಆಡೂದಿಲ್ಲ. ಮರಾಠಿಯೊಳಗ ಬೈದ್ಲು ಅಂದ್ರ ಅರ್ಧಾ ದಾರಿಗೆ ಬಂದಾಳ ಅಂತ."

"ಉಳದ ಅರ್ಧಾ?"

"ಅದಕ್ಕ ಆರು ತಿಂಗಳ ಅವ. ಥೀಸಿಸ್ ಹ್ಯಾಂಗೂ ಮುಂದ ಹೋತು." ಅವಳು ಕೈ ಚಾಚಿದಳು. "ಡ್ರಿಲ್ ಕೆಳಗಿಡ್ರಿ. ಮಧ್ಯಾಹ್ನ ವಿಜಯಪುರದಾಗ ನರದ ಡಾಕ್ಟರ್ ನೋಡ್ತೇನಿ ಅಂದಾರ. ಈಗ ಹೇಳಲಿಕ್ಕೆ ನನಗ ಹಕ್ಕ ಅದ, ಇಲ್ಲೋ?"

"ಆಲಮಟ್ಟಿ ಕಾಲುವಿ ಮ್ಯಾಲ ಒಂದ ಕೆಲಸ ಐತಿ," ಅಂದ. "ನಮ್ಮಣ್ಣ ಕರೀತಿದ್ದ. ಭಾಳ ಬ್ಯಾಸರದ ಕೆಲಸ್ರಿ. ನೀರ ಹರಿಯೂದು ನೋಡಕೊಂತ ಕುಂಡ್ರೂದು."

"ಕೂಡ್ರಿ."

"ಬ್ಯಾಸರ ಆದ್ರ?"

"ನಾ ಬರ್ತೇನಿ. ಇಬ್ಬರೂ ಬ್ಯಾಸರ ಮಾಡ್ಕೊಳ್ಳೋಣ."

ಕಲ್ಮೇಶ ಬಗ್ಗಿ, ಮಲಗಿದ ಕೂಸನ್ನು ಇಳಿಸುವವನ ಹಾಗೆ ಡ್ರಿಲ್ಲನ್ನು ಬಂಡೆಯ ಮೇಲೆ ಮಲಗಿಸಿದ.

ಬಸ್ಸಿನಲ್ಲಿ ಹೆಚ್ಚು ಜನರಿರಲಿಲ್ಲ. ಕಲ್ಮೇಶನಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಅವನು ಹೊರಗೆ ಕಟಾವಿಗೆ ಬಂದ ಜೋಳದ ಹೊಲಗಳನ್ನು ನೋಡುತ್ತ, ಮೊದಲ ಸಲ ಆಸ್ಪತ್ರೆಗೆ ಹೋಗುವವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಕೈಗಳು ತೊಡೆಯ ಮೇಲಿದ್ದವು.

ಮೃಣಾಲಿನಿ ಅವನ ಬೆರಳುಗಳನ್ನು ಹಿಡಿದುಕೊಂಡಳು.

ಅವನಿಗೆ ತಿಳಿಯಲಿಲ್ಲ. ಹೊಲಗಳನ್ನೇ ನೋಡುತ್ತಿದ್ದ. ಅವಳು ಹೇಳಲಿಲ್ಲ, ಬಿಡಲೂ ಇಲ್ಲ. ಬಸ್ಸು ಒಂದು ಊರು ದಾಟಿತು, ಇನ್ನೊಂದು ದಾಟಿತು. ತಿರುವಿನಲ್ಲಿ ಎಲ್ಲರೂ ಒಂದು ಪಕ್ಕಕ್ಕೆ ವಾಲಿದಾಗ ಅವನ ಕಣ್ಣು ಕೆಳಗಿಳಿಯಿತು. ಅಲ್ಲಿ, ತನ್ನ ಕೈಯೊಳಗೆ, ಇನ್ನೊಂದು ಕೈ ಇರುವುದು ಕಂಡಿತು.

ಆಮೇಲೆ ಬಸವನ ಬಾಗೇವಾಡಿ ಬರುವವರೆಗೂ ಅವನು ಕಿಟಕಿಯ ಕಡೆ ತಿರುಗಲಿಲ್ಲ.